ಮೊಲದ ಮಾರಿ ಮಿಕ್ಸೊಮಟೋಸಿಸ್: ಹುಟ್ಟಿದ್ದೆಲ್ಲಿ, ಹಬ್ಬಿದ್ದು ಹೇಗೆ?

ಮಿಕ್ಸೊಮಟೋಸಿಸ್ ರೋಗದ ಮಾತು ಬಂದಾಗ ಮೊದಲು ಕೇಳಿಬರುವ ಆರೋಪ, ಮೊಲಗಳನ್ನು ಕೊಲ್ಲಲೆಂದೇ ಆಸ್ಟ್ರೇಲಿಯಾದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಈ ವೈರಸ್ ಹುಟ್ಟಿಸಿದರು ಎಂಬುದು. ಕೊಲ್ಲಲೆಂದು ಬಿಟ್ಟದ್ದು ನಿಜ. ಹುಟ್ಟಿಸಿದ್ದು ಸುಳ್ಳು.

ಸಿಡುಬಿನ ವೈರಸ್ಸಿನ ಕುಟುಂಬಕ್ಕೇ ಸೇರಿದ ಮಿಕ್ಸೋಮಾ ವೈರಸ್ಸಿನ ತವರು ದಕ್ಷಿಣ ಅಮೆರಿಕ. ಅಲ್ಲಿನ ತಪೇತಿ ಎಂಬ ಕಾಡುಮೊಲಕ್ಕೆ ಸೋಂಕು ತಗುಲಿದರೆ ಚರ್ಮದ ಮೇಲೊಂದು ಗಂಟು ಏಳುತ್ತದೆ, ಅಷ್ಟೇ. ಪ್ರಾಣಿ ಎಂದಿನಂತೆ ಮೇಯ್ದುಕೊಂಡಿರುತ್ತದೆ. ಈ ರೋಗ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 1896ರಲ್ಲಿ. ಉರುಗ್ವೆಯ ಮಾಂಟೆವಿಡಿಯೊದಲ್ಲಿ ಇಟಲಿಯ ಜುಸೆಪ್ಪೆ ಸನಾರೆಲ್ಲಿ ಸಂಶೋಧನೆಗೆಂದು ಇಟ್ಟುಕೊಂಡಿದ್ದ ಯುರೋಪ್ ಮೂಲದ ಮೊಲಗಳು ಒಂದರ ಹಿಂದೊಂದು ಸತ್ತವು. ಅವಕ್ಕೆ ಈ ವೈರಸ್ಸಿನ ಪರಿಚಯವೇ ಇರಲಿಲ್ಲ. ಸೋಂಕು ತಗುಲಿದ ಇಂಥ ಮೊಲದ ರೆಪ್ಪೆಗಳು ಊದಿ, ಕೀವು ತುಂಬಿ ಕಣ್ಣು ಮುಚ್ಚಿಹೋಗುತ್ತದೆ. ಕಿವಿಯ ಬುಡ, ಮೂತಿ, ಜನನಾಂಗಗಳು ಬಾತುಕೊಳ್ಳುತ್ತವೆ. ಮೊಲ ಎರಡು ವಾರದೊಳಗೆ ಸಾಯುತ್ತದೆ. ನೋಡಲಾಗದ ಸಾವು ಅದು.

ರೋಗಪೀಡಿತ ಮೊಲದ ಪಕ್ಕದಲ್ಲಿದ್ದರಷ್ಟೇ ರೋಗ ಅಂಟುತ್ತದೆ ಎಂಬ ನಂಬಿಕೆಯೂ ಅರೆಸತ್ಯ. 1950ರಲ್ಲಿ ಆಸ್ಟ್ರೇಲಿಯಾದ ಮರ್ರೆ ನದಿ ಕಣಿವೆಯಲ್ಲಿ ಸೋಂಕಿತ ಮೊಲಗಳನ್ನು ಬಿಟ್ಟಾಗ ತಿಂಗಳುಗಟ್ಟಲೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಪ್ರಯೋಗ ಸೋತಿತು ಎನ್ನುವಷ್ಟರಲ್ಲಿ, ಡಿಸೆಂಬರ್ ಹೊತ್ತಿಗೆ ನದಿಗುಂಟ ಮೊಲಗಳು ಸಾಲುಸಾಲಾಗಿ ಸಾಯತೊಡಗಿದವು. ರೋಗವನ್ನು ಹೊತ್ತೊಯ್ದದ್ದು ಸೊಳ್ಳೆ. ಮಲೇರಿಯಾದ ಹಾಗೆ ಈ ವೈರಸ್ ಸೊಳ್ಳೆಯ ದೇಹದೊಳಗೆ ಬೆಳೆಯುವುದಿಲ್ಲ. ಗಂಟಿನ ಮೇಲೆ ಚುಚ್ಚಿದ ಸೊಂಡಿಲಿಗೆ ಮೆತ್ತಿಕೊಂಡು ಮುಂದಿನ ಮೊಲದ ಚರ್ಮಕ್ಕೆ ಇಳಿಯುತ್ತದೆ. ಬ್ರಿಟನ್ನಿನಲ್ಲಿ ಇದೇ ಕೆಲಸವನ್ನು ಮುಖ್ಯವಾಗಿ ಮಾಡಿದ್ದು ಮೊಲದ ಚಿಗಟ.

ಆ ಬೇಸಿಗೆಯಲ್ಲೇ ಮರ್ರೆ ಕಣಿವೆಯ ಜನರಿಗೆ ಮಿದುಳಿನ ಉರಿಯೂತ ಕಾಣಿಸಿಕೊಂಡಿತು. ಮೊಲದ ರೋಗವೇ ಮನುಷ್ಯರಿಗೆ ದಾಟಿತು ಎಂಬ ಗುಲ್ಲೆದ್ದಿತು. ಆಗ ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಫ್ರಾಂಕ್ ಫೆನ್ನರ್, ಮ್ಯಾಕ್‌ಫರ್ಲೇನ್ ಬರ್ನೆಟ್, ಇಯಾನ್ ಕ್ಲೂನೀಸ್ ರಾಸ್ ಮೂವರೂ ಮಿಕ್ಸೋಮಾ ವೈರಸ್ಸನ್ನು ತಮಗೇ ಚುಚ್ಚಿಸಿಕೊಂಡರು. ಯಾರಿಗೂ ಏನೂ ಆಗಲಿಲ್ಲ. ಜನರನ್ನು ಕಾಡಿದ್ದು ಸೊಳ್ಳೆಯೇ ತಂದ ಬೇರೊಂದು ವೈರಸ್. ವದಂತಿಗೆ ಇಷ್ಟು ನೇರವಾದ ಉತ್ತರ ಕೊಟ್ಟ ವಿಜ್ಞಾನಿಗಳು ಅಪರೂಪ.

ಯುರೋಪಿಗೆ ರೋಗ ಆಸ್ಟ್ರೇಲಿಯಾದಿಂದ ಬಂತೆನ್ನುವುದೂ ತಪ್ಪು. ಫ್ರಾನ್ಸಿನ ನಿವೃತ್ತ ವೈದ್ಯ ಪಾಲ್ ಅರ್ಮಾನ್ ದೆಲೀಲ್ ತಮ್ಮ ಎಸ್ಟೇಟಿನ ಮೊಲಗಳ ಕಾಟ ತಪ್ಪಿಸಿಕೊಳ್ಳಲು ಸ್ವಿಟ್ಜರ್ಲೆಂಡಿನ ಲೌಸಾನ್‌ನಿಂದ ವೈರಸ್ ತರಿಸಿ, 1952ರ ಜೂನ್‌ನಲ್ಲಿ ಎರಡು ಮೊಲಗಳಿಗೆ ಚುಚ್ಚಿದರು. ಎಸ್ಟೇಟಿನ ಗೋಡೆ ಅದನ್ನು ತಡೆಯಲಿಲ್ಲ. ಮರುವರ್ಷವೇ ರೋಗ ಇಂಗ್ಲೆಂಡಿನ ಕೆಂಟ್ ಮುಟ್ಟಿತ್ತು.

ಇನ್ನೊಂದು ನಂಬಿಕೆ ಓದಿದವರಲ್ಲೂ ಇದೆ: ವೈರಸ್ ಕಾಲ ಕಳೆದಂತೆ ತಾನಾಗಿ ಸೌಮ್ಯವಾಗುತ್ತದೆ ಎಂಬುದು. ಇದಕ್ಕೆ ಪುರಾವೆಯಾಗಿ ಮಿಕ್ಸೊಮಟೋಸಿಸ್ಸನ್ನೇ ತೋರಿಸುತ್ತಾರೆ. ಮೊದಲ ಅಲೆಯಲ್ಲಿ ಸೋಂಕು ತಗುಲಿದ ಮೊಲಗಳಲ್ಲಿ ಶೇ 99ಕ್ಕೂ ಹೆಚ್ಚು ಸತ್ತವು; ಕೆಲವೇ ವರ್ಷಗಳಲ್ಲಿ ಆ ಉಗ್ರತೆ ತಗ್ಗಿದ್ದೂ ಹೌದು. ಆದರೆ ವೈರಸ್ಸಿಗೆ ಮೊಲದ ಮೇಲೆ ಕನಿಕರವೇನೂ ಹುಟ್ಟಲಿಲ್ಲ. ಬೇಗ ಸಾಯುವ ಮೊಲ ಸೊಳ್ಳೆಗಳಿಗೆ ಕೆಲವೇ ದಿನ ಸಿಗುತ್ತದೆ. ಮೂರು ನಾಲ್ಕು ವಾರ ನರಳುವ ಮೊಲದಿಂದ ವೈರಸ್ ಹೆಚ್ಚು ಕಡೆಗೆ ದಾಟುತ್ತದೆ. ಹಾಗಾಗಿ ನಡುಮಟ್ಟದ ತಳಿಗಳು ಗೆದ್ದವು. ಅವೂ ಶೇ 70ರಿಂದ 95ರಷ್ಟು ಮೊಲಗಳನ್ನು ಕೊಲ್ಲುತ್ತಿದ್ದವು. ಇದನ್ನು ಸೌಮ್ಯ ಎನ್ನುವುದು ಹೇಗೆ?

ಜೊತೆಗೆ ಮೊಲಗಳೂ ಬದಲಾದವು. ಬದುಕುಳಿದವುಗಳ ಸಂತತಿ ರೋಗಕ್ಕೆ ಎದುರು ನಿಲ್ಲತೊಡಗಿದಂತೆ ವೈರಸ್ಸೂ ಮತ್ತೆ ಬಿರುಸಾಯಿತು. 1990ರ ದಶಕದ ಆಸ್ಟ್ರೇಲಿಯಾದ ಕೆಲವು ತಳಿಗಳನ್ನು, ಅಂಥ ಶಕ್ತಿ ಬೆಳೆಸಿಕೊಳ್ಳದ ಪ್ರಯೋಗಾಲಯದ ಮೊಲಗಳಿಗೆ ಕೊಟ್ಟಾಗ ಅವುಗಳ ರೋಗನಿರೋಧಕ ಶಕ್ತಿಯೇ ಕುಸಿದುಬಿತ್ತು. 2018ರಲ್ಲಿ ಸ್ಪೇನಿನಲ್ಲಿ ಹೊಸದೊಂದು ತಳಿ, ಅದುವರೆಗೆ ಈ ರೋಗಕ್ಕೆ ಅಷ್ಟಾಗಿ ಸಿಕ್ಕದಿದ್ದ ಮೊಲದ ಹತ್ತಿರದ ಸಂಬಂಧಿಗಳಾದ ಐಬೀರಿಯನ್ ಹೇರ್‌ಗಳನ್ನೂ ಕೊಂದಿತು.

ಬ್ರಿಟನ್ನಿನಲ್ಲಿ ಸಾಕುಮೊಲಗಳಿಗೆ ಲಸಿಕೆ ಸಿಗುತ್ತದೆ. ಆಸ್ಟ್ರೇಲಿಯಾದಲ್ಲಿ ಅದಕ್ಕೆ ಅನುಮತಿಯಿಲ್ಲ. ಲಸಿಕೆಯ ಜೀವಂತ ವೈರಸ್ ಕಾಡುಮೊಲಗಳಿಗೂ ಹರಡಿ ಅವಕ್ಕೆ ರಕ್ಷಣೆ ಕೊಟ್ಟೀತೆಂಬ ಆತಂಕ ಅಲ್ಲಿನ ಸರ್ಕಾರದ್ದು. ಹಾಗಾಗಿ ಮೆಲ್ಬರ್ನ್, ಸಿಡ್ನಿಗಳಲ್ಲಿ ಮಕ್ಕಳಿಗೆಂದು ಮೊಲ ಸಾಕುವ ನಮ್ಮವರು ಗೂಡಿಗೆ ಸೊಳ್ಳೆಪರದೆ ಕಟ್ಟಬೇಕು, ಮುಸ್ಸಂಜೆಯ ಹೊತ್ತಿಗೆ ಮೊಲವನ್ನು ಒಳಗಿಡಬೇಕು, ಚಿಗಟಕ್ಕೆ ಔಷಧವನ್ನು ಪಶುವೈದ್ಯರನ್ನು ಕೇಳಿಯೇ ಹಾಕಬೇಕು.