ರಷ್ಯನ್ನರ ಒಂದು ಸ್ವರ ಮತ್ತು ನಮ್ಮ ಹ್ರಸ್ವಗಳು

ರಷ್ಯನ್ ವರ್ಣಮಾಲೆಯ 33 ಅಕ್ಷರಗಳಲ್ಲಿ 29ನೆಯದು ಒಂದು ವಿಚಿತ್ರ ಸ್ವರ. ಅದನ್ನು ಬರೆಯಲು ಕನ್ನಡದಲ್ಲಿ ಲಿಪಿಸಂಕೇತವಿಲ್ಲ. ‘ಇ’ ಎಂದು ಬರೆದರೆ ಅದು ಇಕಾರವಲ್ಲ. ‘ಉ’ ಎಂದರೆ ಉಕಾರವೂ ಅಲ್ಲ. ಆದರೆ ಅದು ಆ ಭಾಷೆಯಲ್ಲಿ ಅಪರೂಪದ ಧ್ವನಿಯೆಂದು ಭಾವಿಸಬಾರದು. ನಾವು, ನೀನು, ನೀವು, ಮಗ, ಮೀನು, ಹೊಗೆ ಎಂಬರ್ಥದ ನಿತ್ಯಬಳಕೆಯ ರಷ್ಯನ್ ಶಬ್ದಗಳೆಲ್ಲವೂ ಈ ಸ್ವರದಿಂದಲೇ ಕೂಡಿವೆ.

ಓದುಗರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ದೀರ್ಘವಾಗಿ ‘ಊ’ ಎನ್ನುತ್ತಿರುವಾಗ ನಾಲಗೆಯನ್ನು ಅಲುಗಿಸದೆ, ದುಂಡಾದ ತುಟಿಗಳನ್ನು ಮಾತ್ರ ನಗುವವರಂತೆ ಅಗಲಿಸಬೇಕು. ಆಗ ಹೊರಡುವ ಧ್ವನಿಯು ಅದಕ್ಕೆ ಬಹಳ ಸಮೀಪದ್ದು. (ನೆರೆಹೊರೆಯವರು ಕೇಳದಂತೆ ಮಾಡುವುದು ಲೇಸು.) ರಷ್ಯನ್ನಿನಲ್ಲಿ ‘ಇರುವುದು’ ಎಂಬ ಕ್ರಿಯಾಪದಕ್ಕೂ ‘ಹೊಡೆಯುವುದು’ ಎಂಬ ಕ್ರಿಯಾಪದಕ್ಕೂ ಬರವಣಿಗೆಯಲ್ಲಿ ಇರುವ ಭೇದ ಈ ಒಂದೇ ಸ್ವರದ್ದು. ನಮ್ಮ ಲಿಪಿಯಲ್ಲಿ ಬರೆದಾಗ ಎರಡೂ ‘ಬಿತ್’ ಆಗಿಬಿಡುತ್ತವೆ! ವಾಸ್ತವವಾಗಿ ಭೇದವಿರುವುದು ಸ್ವರದಲ್ಲಿ ಅಲ್ಲ, ಅದರ ಹಿಂದಿನ ವ್ಯಂಜನವನ್ನು ಕಠಿನವಾಗಿ ಅಥವಾ ಮೃದುವಾಗಿ ನುಡಿಯುವುದರಲ್ಲಿ ಎಂದು ಮಾಸ್ಕೋ ಪಂಥದ ಭಾಷಾವಿಜ್ಞಾನಿಗಳು ವಾದಿಸಿದರು. ಲೆನಿನ್‌ಗ್ರಾಡ್ ಪಂಥದವರು ಅದು ಸ್ವತಂತ್ರ ಸ್ವರವೆಂದೇ ಹಿಡಿದರು. 1970ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸೋಲ್ಜೆನಿತ್ಸಿನ್ ಅವರ ಹೆಸರಿನ ಕೊನೆಯಲ್ಲಿ ನಾವು ಬರೆಯುವ ಇಕಾರವೂ ನಿಜವಾದ ಇಕಾರವಲ್ಲ, ಇದೇ ಸ್ವರ.

ತುರ್ಕಿ ಭಾಷೆಯಲ್ಲಿ ಇದಕ್ಕೆ ಹತ್ತಿರದ ಸೋದರ ಸ್ವರವೊಂದುಂಟು. 1928ರಲ್ಲಿ ಅವರು ಅರಬ್ಬೀ ಲಿಪಿಯನ್ನು ಬಿಟ್ಟು ರೋಮನ್ ಲಿಪಿಯನ್ನು ಸ್ವೀಕರಿಸಿದಾಗ, ಮೇಲಿನ ಚುಕ್ಕೆಯನ್ನು ತೆಗೆದ ‘ಐ’ ಅಕ್ಷರವನ್ನು ಅದಕ್ಕೆಂದೇ ಮೀಸಲಿಟ್ಟರು. ಒಂದು ಚುಕ್ಕೆಯನ್ನು ಅಳಿಸಿ ಒಂದು ಸ್ವರವನ್ನು ಉಳಿಸಿಕೊಂಡ ಈ ಉಪಾಯ ನನಗೆ ಬಹಳ ಮೆಚ್ಚುಗೆಯಾದುದು.

ಅಷ್ಟು ದೂರ ಹೋಗುವ ಕಾರಣವೂ ಇಲ್ಲ. ಕೊಡವ ಭಾಷೆಯಲ್ಲಿ ಇಂಥ ನಡುನಾಲಗೆಯ ಸ್ವರಗಳು ಹ್ರಸ್ವ ದೀರ್ಘಗಳೆರಡರಲ್ಲಿಯೂ ಇವೆ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ ಪ್ರಕಟವಾದುದು ಕನ್ನಡ ಲಿಪಿಯಲ್ಲಿ. ಆ ಸ್ವರಗಳಿಗೆ ನಮ್ಮ ಲಿಪಿಯಲ್ಲಿ ಪ್ರತ್ಯೇಕ ಅಕ್ಷರಗಳಿಲ್ಲದಿದ್ದರೂ ಕೊಡವರು ತಮ್ಮ ಪದಗಳನ್ನು ಸರಿಯಾಗಿಯೇ ಓದಿಕೊಳ್ಳುತ್ತಾರೆ. ನಾವು ‘ನೀರು’ ಎನ್ನುವುದನ್ನು ತುಳುವರು ‘ನೀರ್’ ಎಂದು ಬರೆದರೂ ಕೊನೆಯಲ್ಲಿ ತುಟಿ ದುಂಡಾಗದ ಒಂದು ಕಿರಿಯ ಸ್ವರವನ್ನು ನುಡಿಯುತ್ತಾರೆ. ಅಲ್ಲಿ ಬರವಣಿಗೆಗಿಂತ ಕಿವಿಯೇ ಪ್ರಮಾಣ.

ಲಿಪಿಯಲ್ಲಿಲ್ಲದ ಸ್ವರವನ್ನು ಕಿವಿಯಿಂದ ಕಾಯುವ ಈ ಕೆಲಸ ಜತ್ತ ತಾಲೂಕಿನ ನಮಗೆ ಪರರ ಸಂಗತಿಯಲ್ಲ. ಉಮದಿ, ಸಂಖ ಮೊದಲಾದ ಊರುಗಳ ಕನ್ನಡ ಮನೆಗಳಲ್ಲಿ ಮರಾಠಿ ಮಾಧ್ಯಮದಲ್ಲಿ ಕಲಿಯುವ ಮಕ್ಕಳಿದ್ದಾರೆ. ಅವರು ಮನೆಮಾತನ್ನು ದೇವನಾಗರಿಯಲ್ಲಿ ಬರೆಯತೊಡಗಿದರೆ ಏನಾಗುವುದೆಂದು ನೋಡಿರಿ. ಹೊಲದ ‘ಬೆಳೆ’ಗೂ ಡಬ್ಬಿಯ ‘ಬೇಳೆ’ಗೂ ಅಲ್ಲಿ ಒಂದೇ ರೂಪ. ‘ಕೊಡು’ ಎಂದರೂ ಎತ್ತಿನ ‘ಕೋಡು’, ‘ಒಲೆ’ ಎಂದರೂ ಕಿವಿಯ ‘ಓಲೆ’. “ಈ ಸಲ ಬೆಳೆ ಹ್ಯಾಂಗೈತಿ?” ಎಂದು ಮೊಮ್ಮಗ ಬರೆದರೆ, ಅಜ್ಜ ಕಿರಾಣಿ ಅಂಗಡಿಯ ದರವನ್ನು ತಿಳಿಸಬೇಕಾದೀತು.

ಇದು ಮರಾಠಿಯ ಕೊರತೆಯೆಂದು ಯಾರೂ ಭಾವಿಸಬಾರದು. ಸಂಸ್ಕೃತದಲ್ಲಿ ಏ, ಓ ಸದಾ ದೀರ್ಘ. ಮರಾಠಿಯಲ್ಲಿ ಈ ಸ್ವರಗಳ ಹ್ರಸ್ವ ದೀರ್ಘದಿಂದ ಅರ್ಥ ಬದಲಾಗುವುದಿಲ್ಲ. ಆದುದರಿಂದ ಶಾಲೆಯ ಬಾರಾಖಡಿಗೆ ಆ ಚಿಹ್ನೆಗಳ ಅಗತ್ಯವೇ ಬೀಳಲಿಲ್ಲ. ದ್ರಾವಿಡ ಭಾಷೆಗಳ ಲಿಪ್ಯಂತರಕ್ಕಾಗಿ ದೇವನಾಗರಿಯ ಹ್ರಸ್ವ ಎ, ಒಗಳನ್ನು ಗಣಕಯಂತ್ರದ ಯೂನಿಕೋಡ್ ಪಟ್ಟಿಯಲ್ಲಿ ಸೇರಿಸಲಾಗಿದೆಯಾದರೂ ಮಕ್ಕಳು ಅವನ್ನು ಕಂಡಿರುವುದಿಲ್ಲ. ನಮ್ಮ ಹಳೆಯ ಶಿಲಾಶಾಸನಗಳಲ್ಲಿಯೂ ಎ, ಏಗಳ ಭೇದವನ್ನು ಲಿಪಿ ತೋರಿಸುತ್ತಿರಲಿಲ್ಲ. ದೀರ್ಘದ ಚಿಹ್ನೆ ಬಂದುದು ತರುವಾಯ. ಅಲ್ಲಿಯವರೆಗೆ ಹಿರಿಯರು ಆ ಭೇದವನ್ನು ಬಾಯಿಂದ ಬಾಯಿಗೆ ಸಾಗಿಸಿದರು.

ಜತ್ತ ತಾಲೂಕಿನಲ್ಲಿ ಕನ್ನಡ ಶಾಲೆಗಳಿವೆ. ಪುಣೆಯ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚು ಹಾಕುತ್ತದೆ. ಆ ಶಾಲೆಗೆ ಹೋಗದ ಮಗುವಿಗೆ ಕಾಗುಣಿತವನ್ನು ಮನೆಯಲ್ಲಿಯೇ ಹೇಳಿಕೊಡಬೇಕು. ಇಡೀ ವರ್ಣಮಾಲೆ ಒಮ್ಮೆಗೆ ಬೇಡ. ಸಂಜೆ ಅಕ್ಕಿ ಆರಿಸುವ ಅಜ್ಜಿಯು ಕೆನೆ–ಕೇಣಿ, ಮೊಳ–ಮೋಡ, ಎಲೆ–ಏಳು ಎಂದು ನುಡಿಸಿ, ಸ್ವರ ಎಲ್ಲಿ ಗಿಡ್ಡ, ಎಲ್ಲಿ ಉದ್ದ ಎಂದು ಕೇಳಿದರೆ ಸಾಕು. ರಷ್ಯನ್ನಿನಲ್ಲಿ ಸ್ವರದ ಉದ್ದದಿಂದ ಅರ್ಥ ಬೇರೆಯಾಗುವುದಿಲ್ಲ. ಆ ದೇಶದವರು ನಮ್ಮ ಮನೆಗೆ ಬಂದರೆ, ‘ಬೆಳೆ’ ‘ಬೇಳೆ’ಗಳ ನಡುವೆ ಅವರೂ ನಮ್ಮ ಮಕ್ಕಳ ಪಕ್ಕದಲ್ಲಿ ಕುಳಿತು ಈ ಪಾಠವನ್ನು ಕಲಿಯಬೇಕಾದೀತು.