ಹಳೆಯ ಕಾರಿಗೆ ಹೊಸ ಬಣ್ಣ: ಒಳಗಿನ ಶುದ್ಧಿಯೇ ಹೊರಗಿನ ಹೊಳಪು

ಹಿರಿಯರು ಕೊಂಡ ಅಂಬಾಸಿಡರ್ ಕಾರು ಇಂದಿಗೂ ಅನೇಕ ಮನೆಗಳ ಅಂಗಳದಲ್ಲಿ ಹೊದಿಕೆ ಹೊದ್ದು ನಿಂತಿರುವುದುಂಟು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ರೂಪುಗೊಂಡ ಈ ವಾಹನವು ಪಶ್ಚಿಮ ಬಂಗಾಳದ ಉತ್ತರಪಾಡಾ ಕಾರ್ಖಾನೆಯಲ್ಲಿ 2014ರವರೆಗೂ ತಯಾರಾಗುತ್ತಿತ್ತು. ಮದುವೆಯ ದಿಬ್ಬಣಕ್ಕೂ ಜಾತ್ರೆಯ ಪಯಣಕ್ಕೂ ಒದಗಿದ ಆ ಕಾರನ್ನು ಮತ್ತೆ ರಸ್ತೆಗಿಳಿಸಬೇಕೆಂಬ ಹಂಬಲ ಹುಟ್ಟಿದೊಡನೆ ಮನೆಮಂದಿ ಮೊದಲು ಚರ್ಚಿಸುವುದು ಬಣ್ಣವನ್ನು. ವಾಸ್ತವವಾಗಿ ಬಣ್ಣ ಬಳಿಯುವುದು ಕೊನೆಯ ಕೆಲಸ. ಅದರ ಆಯುಷ್ಯವನ್ನು ನಿರ್ಧರಿಸುವುದು ಅದರ ಅಡಿಯಲ್ಲಿ ನಡೆಯುವ ಕೆಲಸ.

ಕಾರಿನ ದೊಡ್ಡ ಶತ್ರು ತುಕ್ಕು. ಬಾಗಿಲುಗಳ ಕೆಳ ಅಂಚು, ನೆಲದ ತಗಡು, ಮಡ್‌ಗಾರ್ಡಿನ ಒಳಭಾಗ, ಡಿಕ್ಕಿಯ ತಳ ಮುಂತಾಗಿ ನೀರೂ ಕೆಸರೂ ನಿಲ್ಲುವ ಎಡೆಗಳಲ್ಲಿ ಅದು ಮನೆಮಾಡುತ್ತದೆ. ಅದರ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಕೆಲವು ತಿಂಗಳು ಕಣ್ಣಿಗೆ ಹಬ್ಬ. ಆದರೆ ಪುಟ್ಟಿಯು ತೇವವನ್ನು ಹೀರುತ್ತದೆ, ಅಡಿಯಲ್ಲಿ ತುಕ್ಕು ಬೆಳೆಯುತ್ತದೆ, ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆಯೆದ್ದು ಉದುರುತ್ತದೆ. ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯುವುದೇ ಸರಿಯಾದ ಮಾರ್ಗ. ತಗ್ಗುಗಳನ್ನು ಸುತ್ತಿಗೆಯಿಂದ ತಟ್ಟಿ ಸಮಮಾಡಿದ ಮೇಲೆ ಉಳಿಯುವ ಅಲ್ಪ ಏರುಪೇರಿಗಷ್ಟೇ ಪುಟ್ಟಿ ಸಾಕು.

ಹಳೆಯ ಬಣ್ಣ ತೆಗೆದು ಬೆತ್ತಲಾದ ಉಕ್ಕನ್ನು ಹಾಗೆಯೇ ಬಿಡಬಾರದು. ತೇವದ ಹವೆಯಲ್ಲಿ ಅದು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯಬಹುದು. ಆದ್ದರಿಂದ ಕೂಡಲೇ ಎಪಾಕ್ಸಿ ಪ್ರೈಮರ್ ಬಳಿಯಬೇಕು. ಅದರ ಮೇಲೆ ದಪ್ಪನೆಯ ಮತ್ತೊಂದು ಪ್ರೈಮರ್ ಬಳಿದು ಉಜ್ಜುವಾಗ ಅನುಭವಿಗಳು ಒಂದು ಉಪಾಯ ಮಾಡುತ್ತಾರೆ. ಕಪ್ಪು ಬಣ್ಣವನ್ನು ತೆಳುವಾಗಿ ಸಿಂಪಡಿಸಿ ಉಪ್ಪುಕಾಗದದಿಂದ ಉಜ್ಜಿದರೆ ಎಲ್ಲಿ ಕಪ್ಪು ಉಳಿಯುವುದೋ ಅಲ್ಲಿ ತಗ್ಗಿದೆ ಎಂದರ್ಥ. ಕಣ್ಣಿಗೆ ಕಾಣದ ದೋಷವೂ ಹೀಗೆ ಬಯಲಾಗುತ್ತದೆ.

ಒಂದು ಕಾಲದಲ್ಲಿ ಕಾರಿಗೆ ಕುಂಚದಿಂದ ವಾರ್ನಿಷ್ ಬಳಿದು ಒಣಗಿಸಲು ವಾರಗಳೇ ಹಿಡಿಯುತ್ತಿದ್ದವು. 1923ರಲ್ಲಿ ಅಮೆರಿಕದ ಓಕ್‌ಲ್ಯಾಂಡ್ ಕಾರುಗಳಿಗೆ ಬೇಗ ಒಣಗುವ 'ಡ್ಯೂಕೋ' ಬಣ್ಣ ಬಂದಿತು. ನಮ್ಮ ಗ್ಯಾರೇಜುಗಳಲ್ಲಿ ಕೇಳಿಬರುವ 'ಡ್ಯೂಕೋ' ಎಂಬ ಮಾತಿನ ಮೂಲ ಅದೇ. ಆ ಜಾತಿಯ ಬಣ್ಣ ಹಳೆಯ ಕಾರಿಗೆ ಹಳೆಯ ಕಳೆಯನ್ನೇ ಕೊಡುತ್ತದೆ, ಆದರೆ ಆಗಾಗ ಪಾಲಿಶ್ ಬೇಡುತ್ತದೆ. ಗಟ್ಟಿಕಾರಕ ಬೆರೆಸಿ ಹೊಡೆಯುವ ಪಿಯು ಬಣ್ಣ ಹೆಚ್ಚು ಬಾಳುತ್ತದೆ.

ಇಲ್ಲಿಯೇ ನಾವು ಮರೆಯಬಾರದ ಸಂಗತಿಯೊಂದಿದೆ. ಆ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕವು ಬಣ್ಣ ಹೊಡೆಯುವವನ ಶ್ವಾಸಕೋಶಕ್ಕೆ ತಗುಲಿ ಆಸ್ತಮಾ ತರಬಲ್ಲದು. ಒಮ್ಮೆ ದೇಹಕ್ಕೆ ಒಗ್ಗದಂತಾದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಬ್ಬಸವೆಬ್ಬಿಸುತ್ತದೆ. ಮುಖಕ್ಕೆ ಕಟ್ಟಿದ ಕರವಸ್ತ್ರ ಇದನ್ನು ತಡೆಯದು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಒದಗಿಸುವ ಮುಖವಾಡವೇ ಬೇಕು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಅದನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬಾರದು, ಮಕ್ಕಳನ್ನಂತೂ ದೂರವಿಡಬೇಕು. ನಮ್ಮ ಮನೆಯ ಕಾರಿನ ಹೊಳಪಿಗೆ ಕಾಯಕಜೀವಿಯೊಬ್ಬನ ಉಸಿರು ಬೆಲೆಯಾಗಕೂಡದು.

ಬಣ್ಣ ಬದಲಿಸುವುದಾದರೆ ನೋಂದಣಿ ಪತ್ರದಲ್ಲಿಯೂ ಅದು ದಾಖಲಾಗಬೇಕು. 2021ರ ಕೇಂದ್ರ ನಿಯಮಗಳು 50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ ವಿಂಟೇಜ್ ನೋಂದಣಿಯ ಅವಕಾಶ ನೀಡಿವೆ. ಆದ್ದರಿಂದ ಕಾರಿನ ಒಡಲಿನ ಆಕಾರವನ್ನು ಮಾರ್ಪಡಿಸದಿರುವುದು ಲೇಸು.

ಗ್ಯಾರೇಜಿಗೆ ಹೋದಾಗ "ಬಣ್ಣಕ್ಕೆಷ್ಟು?" ಎಂದು ಕೇಳುವ ಮೊದಲು "ತುಕ್ಕು ಹಿಡಿದ ತಗಡನ್ನು ಏನು ಮಾಡುವಿರಿ? ಬಣ್ಣ ಹೊಡೆಯುವವರಿಗೆ ಮುಖವಾಡವಿದೆಯೇ?" ಎಂದು ವಿಚಾರಿಸಿರಿ. ಹಣ ಸಾಲದಿದ್ದರೆ ತಗಡಿನ ಕೆಲಸ ಮುಗಿಸಿ, ಎಪಾಕ್ಸಿ ಪ್ರೈಮರ್ ಬಳಿಸಿ, ಕಾರನ್ನು ನೆರಳಿನಲ್ಲಿ ನಿಲ್ಲಿಸಿರಿ. ಬಣ್ಣಕ್ಕಾಗಿ ಒಂದು ವರ್ಷ ಕಾದರೆ ನಷ್ಟವಿಲ್ಲ. ತುಕ್ಕನ್ನು ಮುಚ್ಚಿಟ್ಟರೆ ಕಾರೇ ಉಳಿಯದು.