ನೀರು ತಾಗಿದರೆ ಲಿಥಿಯಂ ಬ್ಯಾಟರಿ ಸಿಡಿಯುತ್ತದೆಯೇ?

ಮೂವತ್ತು ಕಿಲೋದ ಆಸಿಡ್ ಬ್ಯಾಟರಿಯನ್ನು ದಡದಿಂದ ದೋಣಿಗೆ ಹೊತ್ತವರಿಗೆ ಹನ್ನೆರಡು ಹದಿಮೂರು ಕಿಲೋದ ಲಿಥಿಯಂ ಬ್ಯಾಟರಿ ವರವೇ ಸರಿ. ಕೇರಳದ ವೈಕ್ಕಂನಲ್ಲಿ 75 ಜನರನ್ನು ದಾಟಿಸುವ ಸೌರ ದೋಣಿ ‘ಆದಿತ್ಯ’ 2017ರಲ್ಲಿ ಸೇವೆಗೆ ಬಂದದ್ದೇ ಲಿಥಿಯಂ ಬಲದಲ್ಲಿ. ಆದರೂ ಅಂಜಿಕೆ ಹೋಗಿಲ್ಲ. ಅಂಜಬೇಕಾದದ್ದು ಯಾವುದಕ್ಕೆ ಎಂದು ಮೊದಲು ತಿಳಿಯೋಣ.

ತಪ್ಪು ಕಲ್ಪನೆ: ನೀರು ತಾಗಿದರೆ ಸಿಡಿಯುತ್ತದೆ.
ಸತ್ಯ: ನೀರು ಕಂಡರೆ ಬುಸುಗುಡುವುದು ಪ್ರಯೋಗಶಾಲೆಯ ಲಿಥಿಯಂ ಲೋಹ. ನಾವು ಚಾರ್ಜ್ ಮಾಡಿ ಬಳಸುವ ಬ್ಯಾಟರಿಯಲ್ಲಿರುವುದು ಅಯಾನು ರೂಪದ ಲಿಥಿಯಂ. ನಿಜವಾದ ವೈರಿ ಉಪ್ಪುನೀರು. ಅದು ಟರ್ಮಿನಲ್ಲಿಗೆ ಹಸಿರು ಕಿಲುಬು ಹಿಡಿಸುತ್ತದೆ. ಕಿಲುಬು ಹಿಡಿದು ಸಡಿಲಾದ ಜೋಡಣೆ ಕಾದು ವೈರಿನ ಹೊದಿಕೆಯನ್ನೇ ಕರಗಿಸುತ್ತದೆ. ಉಪ್ಪುನೀರಲ್ಲಿ ಮುಳುಗಿದ ಬ್ಯಾಟರಿ ದಿನಗಳ ನಂತರವೂ ಹೊತ್ತಿಕೊಳ್ಳಬಹುದು. ಒಣಗಿಸಿ ಮತ್ತೆ ಚಾರ್ಜಿಗೆ ಹಾಕಲೇಬೇಡಿ. ಮನೆಯಿಂದ, ದೋಣಿಯಿಂದ ದೂರ ಬಯಲಿನಲ್ಲಿಡಿ.

ತಪ್ಪು ಕಲ್ಪನೆ: ಲಿಥಿಯಂ ಅಂದರೆ ಎಲ್ಲವೂ ಒಂದೇ, ಆಸಿಡ್ ಬ್ಯಾಟರಿಯೇ ಕ್ಷೇಮ.
ಸತ್ಯ: ಹೆಚ್ಚಿನ ಫೋನ್‌ಗಳಲ್ಲಿರುವುದು ಕೋಬಾಲ್ಟ್ ಬಗೆಯದು. ದೋಣಿಗೆ ಒಪ್ಪುವುದು ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ. ಇದರಲ್ಲಿ ಆಮ್ಲಜನಕವನ್ನು ರಂಜಕ ಬಿಗಿಯಾಗಿ ಹಿಡಿದಿರುವುದರಿಂದ ಬೆಂಕಿಯ ಭಯ ಕಡಿಮೆ. ಇಲ್ಲವೇ ಇಲ್ಲ ಎಂದಲ್ಲ: ವಿಪರೀತ ಕಾದರೆ ಹೊರಬರುವ ಅನಿಲ ಹೊತ್ತಿಕೊಳ್ಳಬಹುದು. ಇನ್ನು ಆಸಿಡ್ ಬ್ಯಾಟರಿ ಚಾರ್ಜಾಗುವಾಗ ಜಲಜನಕ ಬಿಡುತ್ತದೆ; ಗಾಳಿಯಲ್ಲಿ ಅದು ಶೇ. 4ರಷ್ಟು ಸೇರಿದರೆ ಒಂದು ಕಿಡಿ ಸಾಕು. ಕಡಲ ನೀರು ಒಳಹೊಕ್ಕರೆ ಕ್ಲೋರಿನ್ ವಿಷಾನಿಲವೂ ಹುಟ್ಟುತ್ತದೆ.

ತಪ್ಪು ಕಲ್ಪನೆ: ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದರಾಯಿತು.
ಸತ್ಯ: ಆಸಿಡ್ ಬ್ಯಾಟರಿ ತುಂಬುತ್ತ ಬಂದಂತೆ ಕರೆಂಟ್ ಎಳೆಯುವುದನ್ನು ತಗ್ಗಿಸುತ್ತದೆ. ಎಲ್‌ಎಫ್‌ಪಿ ಬಹುತೇಕ ಕೊನೆಯವರೆಗೂ ಒಂದೇ ಸಮ ಎಳೆಯುತ್ತದೆ. ಇದರಿಂದ ಬ್ಯಾಟರಿ ತುಂಬಿಸುವ ಎಂಜಿನ್ನಿನ ಆಲ್ಟರ್ನೇಟರ್ ಕಾದು ಸುಡಬಹುದು. ಬ್ಯಾಟರಿಯನ್ನು ಕಾಯುವ ಬಿಎಂಎಸ್ ತಟ್ಟನೆ ಸಂಪರ್ಕ ಕಡಿದರೆ ವೋಲ್ಟೇಜ್ ಚಿಮ್ಮಿ ಆಲ್ಟರ್ನೇಟರಿನ ಡಯೋಡ್ ಹೋಗಬಹುದು. ನಡುಗಡಲಲ್ಲಿ ದೀಪ, ಜಿಪಿಎಸ್ ಒಟ್ಟಿಗೆ ಆರಬಹುದು. ಆದ್ದರಿಂದ ಎಂಜಿನ್ ಸ್ಟಾರ್ಟ್ ಮಾಡಲು ಆಸಿಡ್ ಬ್ಯಾಟರಿಯೇ ಇರಲಿ, ಅದಕ್ಕೂ ಎಲ್‌ಎಫ್‌ಪಿಗೂ ನಡುವೆ ಡಿಸಿ–ಡಿಸಿ ಚಾರ್ಜರ್ ಇರಲಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ದಡದಲ್ಲಿ ಬಳಸುವ ಚಾರ್ಜರ್ ಎಲ್‌ಎಫ್‌ಪಿಯದೇ ಆಗಿರಲಿ, 12.8 ವೋಲ್ಟಿನ ಬ್ಯಾಟರಿಗೆ ಅದು 14.6 ವೋಲ್ಟ್ ಮೀರಬಾರದು.

ತಪ್ಪು ಕಲ್ಪನೆ: ಭಯ ದೊಡ್ಡ ಬ್ಯಾಟರಿಯದು ಮಾತ್ರ.
ಸತ್ಯ: 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾದ ಕರಾವಳಿಯಾಚೆ ‘ಕನ್ಸೆಪ್ಷನ್’ ಎಂಬ 75 ಅಡಿಯ ದೋಣಿಗೆ ಬೆಂಕಿ ಬಿತ್ತು. ಕೆಳಗೆ ಮಲಗಿದ್ದ 34 ಮಂದಿ ತೀರಿಕೊಂಡರು. ಬೆಂಕಿಯ ಮೂಲ ಖಚಿತವಾಗಲಿಲ್ಲ. ರಾತ್ರಿ ಚಾರ್ಜಿಗಿಟ್ಟಿದ್ದ ಫೋನ್, ಕ್ಯಾಮೆರಾಗಳ ಬ್ಯಾಟರಿಯ ಮೇಲೂ ಶಂಕೆಯಿತ್ತು. ಖಚಿತವಾದದ್ದು ಒಂದು: ಎಚ್ಚರವಿದ್ದು ಕಾಯುವವರು ಅಲ್ಲಿ ಒಬ್ಬರೂ ಇರಲಿಲ್ಲ.

ಬ್ಯಾಟರಿಯಿಂದ ಹೊಗೆ ಬಂದರೆ ಅದು ವಿಷವೆಂದೇ ತಿಳಿದು, ಗಾಳಿ ಬೀಸಿಬರುವ ಕಡೆಗೆ ಸರಿಯಿರಿ. ಲೈಫ್ ಜಾಕೆಟ್ ಹಾಕಿ, ಕೋಸ್ಟ್ ಗಾರ್ಡಿನ 1554ಕ್ಕೆ ಕರೆ ಮಾಡಿ. ದೂರದಿಂದ ಸಾಧ್ಯವಾದರೆ ಧಾರಾಳ ನೀರು ಸುರಿದು ತಣಿಸಿ. ಅದಕ್ಕೂ ಮೊದಲಿನ ಕೆಲಸ ದಡದಲ್ಲೇ ಇದೆ: ದೋಣಿ ಇಳಿಸುವ ಮುನ್ನ ಟರ್ಮಿನಲ್ಲಿನ ಕಿಲುಬು ಉಜ್ಜಿ, ನಟ್ಟು ಬಿಗಿಮಾಡಿ.